ಹತ್ತಿಯ ಹಾದಿಯ ವಖಾರಿಗಳು: ಧಾರವಾಡ ನಾಡಿನ ಹಳೆಯ ವ್ಯಾಪಾರದ ಮನೆಗಳನ್ನು ಕುರಿತ ಒಂದು ವಿಚಾರ

1

ಊರುಗಳ ಇತಿಹಾಸವನ್ನು ಬರೆಯಹೊರಟ ನಮ್ಮ ವಿದ್ವಾಂಸರು ಮೊದಲು ಗುಡಿಯ ಬಾಗಿಲಿಗೆ ಹೋಗುತ್ತಾರೆ. ಆಮೇಲೆ ಕೋಟೆಯ ಬಾಗಿಲಿಗೆ, ಕೊನೆಗೆ ಮಠದ ಬಾಗಿಲಿಗೆ. ಇದು ಸಹಜವೇ ಆಗಿದೆ. ಗುಡಿಯಲ್ಲಿ ಶಾಸನವುಂಟು, ಕೋಟೆಯನ್ನು ಕುರಿತು ಬಖರಿಗಳುಂಟು, ಮಠದಲ್ಲಿ ಓಲೆಗರಿಯ ಕಟ್ಟುಗಳುಂಟು. ಆದರೆ ಅದೇ ಊರಿನ ಪೇಟೆಯ ಸಾಲಿನಲ್ಲಿ, ಎತ್ತರವಾದ ಕಟ್ಟೆಯ ಮೇಲೆ, ದಪ್ಪನಾದ ಗೋಡೆಗಳೊಡನೆ ನಿಂತಿರುವ ಹಳೆಯ ವ್ಯಾಪಾರದ ಮನೆಯನ್ನು ವಿಚಾರಿಸುವವರು ವಿರಳ. ಅದನ್ನು ಅಲ್ಲಿಯೇ ಏಕೆ ಕಟ್ಟಿದರು, ಅದರೊಳಗೆ ಏನನ್ನು ಇಡುತ್ತಿದ್ದರು, ಅದು ಬರಿದಾದುದು ಯಾವಾಗ ಎಂಬ ಪ್ರಶ್ನೆಗಳಿಗೆ ಊರಿನ ಹಿರಿಯರು ಒಂದೆರಡು ಮಾತಿನಲ್ಲಿ ಉತ್ತರಕೊಟ್ಟು ಸುಮ್ಮನಾಗುತ್ತಾರೆ. ಸಂಶೋಧಕರು ಅಷ್ಟನ್ನೂ ಬರೆದಿಡುವುದಿಲ್ಲ.

ಪ್ರಸ್ತುತ ಲೇಖದಲ್ಲಿ ಧಾರವಾಡ ನಾಡಿನ ಇಂಥ ಮನೆಗಳ ಪೂರ್ವೋತ್ತರವನ್ನು ವಿಚಾರಿಸಬೇಕೆಂದು ಉದ್ದೇಶಿಸಿದ್ದೇವೆ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಸೀಮೆ ಎರೆಭೂಮಿ. ಹತ್ತಿ, ಜೋಳ, ಗೋದಿಗಳ ನೆಲೆ. ಅಲ್ಲಿಂದ ಪಶ್ಚಿಮಕ್ಕೆ ಬಂದಂತೆ ನೆಲ ಕೆಂಪಾಗುತ್ತದೆ, ಮಳೆ ಹೆಚ್ಚುತ್ತದೆ, ಬತ್ತದ ಗದ್ದೆಗಳು ತೋರುತ್ತವೆ. ಬಮ್ಮಿಗಟ್ಟಿ ಮೊದಲಾದ ಊರುಗಳನ್ನೊಳಗೊಂಡ ಕಲಘಟಗಿ ತಾಲೂಕು ಬೆಳವಲವು ಮುಗಿದು ಮಲೆನಾಡು ಮೊದಲಾಗುವ ಈ ಸೆರಗಿನಲ್ಲಿದೆ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟಗಳ ಮೇಲಿಂದ ಕಾರವಾರದ ಕಡೆಗೆ ಇಳಿಯುವ ದಾರಿ ಈ ತಾಲೂಕನ್ನು ಹಾಯ್ದು ಹೋಗುತ್ತದೆ. ಇದರ ದಕ್ಷಿಣಕ್ಕೆ ಶಿರಸಿಯ ಮೇಲಿಂದ ದೇವಿಮನೆ ಘಟ್ಟವನ್ನಿಳಿದು ಕುಮಟಾ ಬಂದರವನ್ನು ಸೇರುವ ಇನ್ನೊಂದು ದಾರಿಯುಂಟು. ಈ ಎರಡು ದಾರಿಗಳ ಕಥೆಯೇ ಇಲ್ಲಿಯ ವ್ಯಾಪಾರದ ಮನೆಗಳ ಕಥೆಯೆಂದೂ, ಇಂಥ ಕಟ್ಟಡದ ಏಳುಬೀಳನ್ನು ತಿಳಿಯಬೇಕಾದವರು ಅದರ ಗೋಡೆಗಳಿಗಿಂತ ಮೊದಲು ಅದರ ಮುಂದಿನ ಹಾದಿಯನ್ನು ಓದಬೇಕೆಂದೂ ನಮ್ಮ ಮತ. ಇದಕ್ಕೆ ಆಧಾರಗಳನ್ನು ಕ್ರಮವಾಗಿ ನೋಡೋಣ.

2

ಮೊದಲು ಹೆಸರುಗಳ ವಿಚಾರ. ಅಂಗಡಿ, ಮಳಿಗೆ ಎಂಬ ಎರಡು ಶಬ್ದಗಳು ನಮ್ಮ ಶಾಸನಗಳಷ್ಟು ಹಳೆಯವು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬೆಳ್ವೊಲ ಮುನ್ನೂರು ವ್ಯಾಪಾರದಿಂದ ತುಂಬಿದ ನಾಡಾಗಿದ್ದಿತು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದ ಹೆಸರು ಆ ಕಾಲದ ಅನೇಕ ಶಾಸನಗಳಲ್ಲಿ ಕೇಳಿಬರುತ್ತದೆ. ಲೊಕ್ಕಿಗುಂಡಿಯೆಂದು ಹೆಸರಾಗಿದ್ದ ಇಂದಿನ ಲಕ್ಕುಂಡಿಯಲ್ಲಿ ಟಂಕಸಾಲೆಯಿದ್ದಿತು; ಅಲ್ಲಿಯ ನಾಣ್ಯವು ಲೊಕ್ಕಿಗದ್ಯಾಣವೆಂಬ ಹೆಸರಿನಿಂದ ನಾಡಿನಲ್ಲಿ ಸಲ್ಲುತ್ತಿದ್ದಿತು. ಹೆರ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಹೆಸರುಗಳು ನಮಗೆ ತಿಳಿದಿವೆ. ಎಷ್ಟು ಹೇರಿಗೆ ಎಷ್ಟು ಪಣವನ್ನು ದೇವರ ನಂದಾದೀವಿಗೆಗೆ ಬಿಟ್ಟರೆಂಬುದೂ ತಿಳಿದಿದೆ.

ಆದರೆ ಈ ಶಾಸನಗಳು ವ್ಯಾಪಾರದ ಮನೆಯನ್ನು ಒಂದೇ ಸಂದರ್ಭದಲ್ಲಿ ಮಾತನಾಡಿಸುತ್ತವೆಂಬುದನ್ನು ವಾಚಕರು ಗಮನಿಸಬೇಕು. ಅಂಗಡಿಯು ಗುಡಿಗೆ ದತ್ತಿಯನ್ನು ಕೊಟ್ಟಾಗ ಅದರ ಹೆಸರು ಕಲ್ಲಿನ ಮೇಲೆ ಬರುತ್ತದೆ. ಕೊಡದಿದ್ದ ಅಂಗಡಿಯು ಇದ್ದೂ ಇಲ್ಲದಂತೆ. ಕಲ್ಲಿನ ಮೇಲಿನ ಲೆಕ್ಕವು ದಾನದ ಲೆಕ್ಕ; ಲಾಭನಷ್ಟದ ಲೆಕ್ಕವನ್ನು ವರ್ತಕನು ಬೇರೆ ಕಡೆ ಬರೆದಿಡುತ್ತಿದ್ದನು. ಆ ಬೇರೆಯ ಕಡೆ ಎಂಬುದು ಕಡತ. ಹುಣಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುವುದು ಕನ್ನಡ ನಾಡಿನ ವರ್ತಕರ ಹಳೆಯ ರೂಢಿ. ಕಡತವು ಗಟ್ಟಿಮುಟ್ಟಾದ ವಸ್ತು. ಅದನ್ನು ಒರಸಿ ಮತ್ತೆ ಬರೆಯಬಹುದು. ವರ್ತಕನಿಗೆ ಅನುಕೂಲವಾದ ಈ ಗುಣವೇ ಚರಿತ್ರಕಾರನಿಗೆ ಪ್ರತಿಕೂಲವಾಯಿತು. ಸಾಲವು ತೀರಿದೊಡನೆ ಬರೆಹವೂ ಅಳಿಯಿತು. ಇಂದು ಸರಕಾರಿ ಕಚೇರಿಯ ಕಾಗದದ ಕಟ್ಟಿಗೆ ಕಡತವೆಂಬ ಹೆಸರು ನಿಂತಿದೆ. ಆ ಕಪ್ಪುಬಟ್ಟೆಯ ಪುಸ್ತಕವನ್ನು ಕಣ್ಣಾರೆ ಕಂಡವರು ಕಡಿಮೆ.

ಇನ್ನುಳಿದ ಹೆಸರುಗಳು ಈಚಿನವು. ಕೋಠಿಯೆಂಬುದು ಸಂಸ್ಕೃತದ ಕೋಷ್ಠದಿಂದ ಹುಟ್ಟಿ ಉತ್ತರದ ಭಾಷೆಗಳ ಮೂಲಕ ನಮ್ಮಲ್ಲಿಗೆ ಬಂದುದು. ಹಡಗಿನಿಂದಿಳಿದ ಪರದೇಶಿ ಕಂಪನಿಗಳ ಮನೆಗಳಿಗೆ ಜನರು ಈ ಹೆಸರನ್ನು ಕೊಟ್ಟರು. ವಖಾರಿಯು ಮರಾಠಿಯ ನೆರೆಯಿಂದ ಬಂದ ಶಬ್ದ. ಸರಕನ್ನು ತುಂಬಿಡುವ ದೊಡ್ಡ ಮನೆಯೆಂದು ಅದರ ಅರ್ಥ. ಅಡತಿಯೆಂಬುದು ಒಕ್ಕಲಿಗನ ಮಾಲನ್ನು ದಲಾಲಿಯ ಮೇಲೆ ಮಾರಿಕೊಡುವ ಅಂಗಡಿ. ಮಳಿಗೆ, ಕೋಠಿ, ವಖಾರಿ, ಅಡತಿ ಎಂಬ ಈ ನಾಲ್ಕು ಶಬ್ದಗಳು ಒಂದರ ಮೇಲೊಂದು ಬಂದು ಕೂಡಿದ ಕ್ರಮವನ್ನು ನೋಡಿದರೆ, ಈ ನಾಡಿನ ಸರಕು ಯಾವ ಯಾವ ಕಾಲದಲ್ಲಿ ಯಾರ ಕೈಗೆ ಹೋಯಿತೆಂಬುದರ ಸ್ಥೂಲವಾದ ಚಿತ್ರವು ಕಣ್ಣಿಗೆ ಕಟ್ಟುತ್ತದೆ.

3

ಈ ಪ್ರಾಂತದ ವ್ಯಾಪಾರದ ಮನೆಗಳಲ್ಲಿ ಲೆಕ್ಕಪತ್ರದೊಡನೆ ಇತಿಹಾಸಕ್ಕೆ ಪ್ರವೇಶಿಸುವ ಪ್ರಸಿದ್ಧವಾದ ಮನೆಯೆಂದರೆ ಹುಬ್ಬಳ್ಳಿಯಲ್ಲಿದ್ದ ಇಂಗ್ಲಿಷರ ಕೋಠಿ. ಸೋದೆಯ ಮೆಣಸಿನ ಕೀರ್ತಿಯನ್ನು ಕೇಳಿ ಇಂಗ್ಲಿಷ್ ವರ್ತಕರು 1638ರಲ್ಲಿ ಕಾರವಾರದಲ್ಲಿ ಕೋಠಿಯನ್ನು ತೆರೆದರು. ಮೆಣಸಿನ ಜೊತೆಗೆ ಅವರಿಗೆ ಬೇಕಾದುದು ನಯವಾದ ಅರಿವೆ. ಅದು ಕರಾವಳಿಯಲ್ಲಿ ದೊರೆಯುವಂಥದಲ್ಲ. ಘಟ್ಟದ ಮೇಲೆ ಪೂರ್ವಕ್ಕೆ ಹುಬ್ಬಳ್ಳಿಯ ಸುತ್ತುಮುತ್ತು ನೇಯುವಂಥದು. 1660ರ ಸುಮಾರಿನಲ್ಲಿ ಹುಬ್ಬಳ್ಳಿ ಮೊದಲಾದ ಕೇಂದ್ರಗಳಲ್ಲಿ 50,000ದಷ್ಟು ನೇಕಾರರು ಕಾರವಾರದ ವ್ಯಾಪಾರಕ್ಕಾಗಿ ಕೆಲಸಮಾಡುತ್ತಿದ್ದರೆಂದು ಮುಂಬಯಿ ಇಲಾಖೆಯ ಗ್ಯಾಝೆಟಿಯರು ಹೇಳುತ್ತದೆ. ಸಂಖ್ಯೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಹುಬ್ಬಳ್ಳಿಯಿಂದ ಕಡಲಿಗೆ ಹೇರೆತ್ತುಗಳು ಸಾಲುಗಟ್ಟಿ ಇಳಿಯುತ್ತಿದ್ದುವೆಂಬುದರಲ್ಲಿ ಸಂಶಯವಿಲ್ಲ.

1673ರಲ್ಲಿ ಮರಾಠರ ದಂಡು ಹುಬ್ಬಳ್ಳಿಯನ್ನು ಲೂಟಿಮಾಡಿತು. ಆ ದಂಡಿನ ಮುಖಂಡನು ಅಣ್ಣಾಜಿ ದತ್ತೋ ಎಂದು ಆರ್ಮನು ಬರೆದಿದ್ದಾನೆ. ಪ್ರತಾಪರಾವನೆಂದು ಜದುನಾಥ ಸರಕಾರರ ಮತ. ವಿಜಾಪುರದ ಸರದಾರ ಮುಜಫರಖಾನನು ಕುದುರೆಯ ದಂಡಿನೊಡನೆ ಬಂದುದರಿಂದ ಊರು ಪೂರ್ಣನಾಶದಿಂದ ಉಳಿಯಿತು. ಇಂಗ್ಲಿಷರ ಕೋಠಿಯೂ ಸುಲಿಗೆಯಾಯಿತು. ಕಂಪನಿಗೆ ಆದ ನಷ್ಟ 7,894 ಹೊನ್ನು. ಈ ಹಣವನ್ನು ತುಂಬಿಕೊಡಬೇಕೆಂದು ಇಂಗ್ಲಿಷರು ಶಿವಾಜಿಯನ್ನು ಬೇಡಿದರು. 1674ರಲ್ಲಿ ರಾಯಗಡದ ಪಟ್ಟಾಭಿಷೇಕದ ಕಾಲಕ್ಕೆ ಹೆನ್ರಿ ಆಕ್ಸೆಂಡನನು ಬಂದು ಸಂಧಾನ ನಡೆಸಿದಾಗ ರಾಜಾಪುರದ ಕೋಠಿಯ ನಷ್ಟಕ್ಕೆ ಪರಿಹಾರವು ಒಪ್ಪಿತವಾಯಿತು. ಹುಬ್ಬಳ್ಳಿಯ ಬೇಡಿಕೆ ಮಾತ್ರ ಕೈಗೂಡಲಿಲ್ಲ.

ಈ ಸಂಗತಿಯನ್ನು ರಾಜಕೀಯ ಇತಿಹಾಸದಲ್ಲಿ ಅನೇಕರು ಬರೆದಿದ್ದಾರೆ. ನಮಗೆ ಪ್ರಯೋಜನವಾದುದು ಬೇರೆ ಇದೆ. 7,894 ಎಂಬ ಅಂಕೆಯನ್ನು ನೋಡಿರಿ. ಎಂಟುಸಾವಿರದ ಹತ್ತಿರವೆಂದು ಅಲ್ಲ, ಕೊನೆಯ ನಾಲ್ಕು ಹೊನ್ನಿನವರೆಗೆ ಲೆಕ್ಕವುಂಟು. ಕಳೆದುಹೋದ ಅರಿವೆಯ ಲೆಕ್ಕವು ಕೋಠಿಯ ಪುಸ್ತಕದಲ್ಲಿದ್ದಿತು, ಪುಸ್ತಕದ ಪ್ರತಿಯು ಸೂರತಿಗೂ ಲಂಡನ್ನಿಗೂ ಹೋಗುತ್ತಿದ್ದಿತು. ಅದೇ ದಿನ ಅದೇ ಬೀದಿಯಲ್ಲಿ ಹುಬ್ಬಳ್ಳಿಯ ಸಾಹುಕಾರರ ಮಳಿಗೆಗಳೂ ಒಡೆದುವು, ನೇಕಾರರ ಮಗ್ಗಗಳ ಮೇಲಿನ ಹಾಸುಗಳೂ ಹೋದುವು. ಊರಿನ ಜನರ ಆ ನಷ್ಟಕ್ಕೆ ಕಂಪನಿಯ ಪತ್ರಗಳಲ್ಲಿ ಅಂಕೆಯಿಲ್ಲ. ಆದುದರಿಂದ ಒಂದು ಪರದೇಶಿ ಮನೆಯ ನಷ್ಟವು ಪಾಠಪುಸ್ತಕಗಳಿಗೆ ಬಂದಿತು. ಊರಿನ ನಷ್ಟವು ಸುಲಿಗೆಯೆಂಬ ಒಂದು ಶಬ್ದದಲ್ಲಿ ಅಡಗಿತು. ಲೆಕ್ಕವನ್ನು ಉಳಿಸಿದವನ ಕಣ್ಣಿನಿಂದಲೇ ಇತಿಹಾಸವು ಊರನ್ನು ನೋಡುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ.

ಊರಿನ ವರ್ತಕರು ಆ ಪೆಟ್ಟಿನಿಂದ ಎದ್ದರೆಂಬುದಕ್ಕೆ ಸಾಕ್ಷಿಯುಂಟು. ಸವಣೂರಿನ ನವಾಬ ಮಜೀದಖಾನನ ಆಳಿಕೆಯಲ್ಲಿ, 1727ರಲ್ಲಿ, ಬಸಪ್ಪ ಶೆಟ್ಟರೆಂಬ ವರ್ತಕರು ದುರ್ಗದಬೈಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದರು. ಇಂದಿಗೂ ಹುಬ್ಬಳ್ಳಿಯ ಹಳೆಯ ಪೇಟೆಯ ನೆಲೆ ಅದೇ ಆಗಿದೆ.

4

ಇನ್ನು ವಖಾರಿಗೆ ಬರೋಣ. ಎರೆಭೂಮಿಯ ಒಕ್ಕಲಿಗನು ತನ್ನ ಜೋಳವನ್ನು ಇಡಲು ದೊಡ್ಡ ಕಟ್ಟಡವನ್ನು ಕಟ್ಟಲಿಲ್ಲ. ಅವನಿಗೆ ಹಗೇವು ಇದ್ದಿತು. ನೆಲದಲ್ಲಿ ತೋಡಿ, ಒಳಗೆ ಹುಲ್ಲನ್ನು ಹಾಸಿ, ಬಾಯನ್ನು ಮಣ್ಣಿನಿಂದ ಮುಚ್ಚಿದ ಹಗೇವಿನಲ್ಲಿ ಜೋಳವು ವರ್ಷಗಟ್ಟಲೆ ಕೆಡದೆ ಇರುತ್ತಿದ್ದಿತು. ಹತ್ತಿಯ ಸ್ವಭಾವವು ಇದಕ್ಕೆ ವಿರುದ್ಧ. ಅದು ತೂಕದಲ್ಲಿ ಕಡಿಮೆ, ಗಾತ್ರದಲ್ಲಿ ಹೆಚ್ಚು. ನೆಲದ ತೇವ ತಾಕಿದರೆ ಬಣ್ಣಗೆಡುತ್ತದೆ. ಒಂದು ಕಿಡಿ ಬಿದ್ದರೆ ಮನೆಯೇ ಹೋಗುತ್ತದೆ. ಆದುದರಿಂದ ಹತ್ತಿಗೆ ನೆಲದಿಂದ ಎತ್ತರವಾದ, ಒಲೆಯಿಂದ ದೂರವಾದ, ವಿಶಾಲವಾದ ಮನೆಯೇ ಬೇಕು. ಈ ನಾಡಿನಲ್ಲಿ ವ್ಯಾಪಾರಕ್ಕೆಂದೇ ದೊಡ್ಡ ಕಟ್ಟಡಗಳು ಎದ್ದುದಕ್ಕೆ ಮುಖ್ಯ ಕಾರಣ ಹತ್ತಿಯೆಂದು ಹೇಳಲು ಅಡ್ಡಿಯಿಲ್ಲ.

ಇಷ್ಟರಿಂದಲೇ ವಖಾರಿಯ ಅವಶ್ಯಕತೆ ಪೂರ್ತಿಯಾಗಿ ತಿಳಿಯುವುದಿಲ್ಲ. ಹತ್ತಿಯ ಪಂಚಾಂಗವನ್ನೂ ನೋಡಬೇಕು. ಈ ಸೀಮೆಯ ಜವಾರಿ ಹತ್ತಿಯನ್ನು ಆಗಸ್ಟ್–ಸಪ್ಟಂಬರದಲ್ಲಿ ಬಿತ್ತುತ್ತಾರೆ. ಫೆಬ್ರುವರಿಯಿಂದ ಏಪ್ರಿಲಿನವರೆಗೆ ಬಿಡಿಸುತ್ತಾರೆ. ಬಿಡಿಸಿದ ಹತ್ತಿಯಿಂದ ಕಾಳನ್ನು ಬೇರ್ಪಡಿಸಿ ಅರಳೆಯನ್ನು ಅಂಡಿಗೆ ಕಟ್ಟಬೇಕು. ಯಂತ್ರಗಳು ಬರುವ ಮೊದಲು ಈ ಕೆಲಸವನ್ನು ಹೆಂಗಸರು ಚಪ್ಪಟೆಯಾದ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಮಾಡುತ್ತಿದ್ದರು. ಅದು ನಿಧಾನದ ಕೆಲಸ. ಇಷ್ಟಾಗುವಾಗ ಬೇಸಿಗೆ ಅರ್ಧ ಕಳೆದಿರುತ್ತದೆ. ಜೂನಿನ ಮೊದಲಿಗೆ ಘಟ್ಟದ ಮೇಲೆ ಮಳೆ ಹಿಡಿಯುತ್ತದೆ. ಮಣ್ಣಿನ ಹಾದಿಯಲ್ಲಿ ಚಕ್ಕಡಿಗಳು ಹೂತುಹೋಗುತ್ತವೆ. ಕಡಲು ಕೆರಳುವುದರಿಂದ ಪತ್ತೆಮಾರಿಗಳನ್ನು ದಡಕ್ಕೆ ಎಳೆದಿಡುತ್ತಾರೆ. ನೂಲುಹುಣ್ಣಿಮೆಗೆ ಕಡಲಿಗೆ ಪೂಜೆಮಾಡಿ ಕಾಯಿ ಒಪ್ಪಿಸಿದ ಮೇಲೆಯೇ ಮತ್ತೆ ಹಡಗುಗಳ ಮಾತು.

ಹೀಗೆ ಹತ್ತಿಯ ವ್ಯಾಪಾರಿಗೆ ದೊರೆಯುತ್ತಿದ್ದ ಅವಧಿ ಎರಡು ಮೂರು ತಿಂಗಳು ಮಾತ್ರ. ಆ ಅವಧಿಯೊಳಗೆ ಹಡಗನ್ನು ಸೇರಿದ ಅಂಡಿಗೆಗೆ ಆ ವರ್ಷದ ಬೆಲೆ. ತಪ್ಪಿದುದಕ್ಕೆ ನಾಲ್ಕು ತಿಂಗಳ ಕಾಯುವಿಕೆ, ಆ ನಾಲ್ಕು ತಿಂಗಳ ಬಡ್ಡಿ, ಮತ್ತು ಬೆಲೆ ಬೀಳಬಹುದೆಂಬ ಭೀತಿ. ವಖಾರಿಯು ಈ ಕಾಯುವಿಕೆಯ ಮನೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಕಟ್ಟಡದ ಒಂದೊಂದು ಅಂಗಕ್ಕೂ ಅರ್ಥ ಬರುತ್ತದೆ. ಚಕ್ಕಡಿಯ ಹಲಗೆಯ ಮಟ್ಟಕ್ಕೆ ಸರಿಯಾದ ಕಟ್ಟೆಯು ಹಮಾಲರು ಅಂಡಿಗೆಯನ್ನು ಇಳಿಸದೆ ಎಳೆದುಕೊಳ್ಳುವುದಕ್ಕೆ. ಎತ್ತರದಲ್ಲಿಟ್ಟ ಸಣ್ಣ ಬೆಳಕಿಂಡಿಗಳು ಗಾಳಿಯಾಡುವುದಕ್ಕೂ ಎರಚಲು ತಡೆಯುವುದಕ್ಕೂ. ಮುಂದಿನ ಪಡಸಾಲೆಯು ಗಾದಿಯನ್ನು ಹಾಸಿ ಲೆಕ್ಕ ಬರೆಯುವುದಕ್ಕೆ. ಬೆಳವಲದ ಊರುಗಳಲ್ಲಿ ಇಂಥ ಮನೆಗೆ ಮಣ್ಣಿನ ಮಾಳಿಗೆ ಸಾಕಾಗುತ್ತದೆ. ಕಲಘಟಗಿಯ ಕಡೆಗೆ ಬಂದಂತೆ ಮಳೆಯು ಅದನ್ನು ಉಳಿಯಗೊಡುವುದಿಲ್ಲ. ಇಳಿಜಾರಾದ ಹಂಚಿನ ಮಾಡು ಕಾಣಿಸಿಕೊಳ್ಳುತ್ತದೆ. ಮಾಳಿಗೆಯ ಮನೆ ಮುಗಿದು ಹಂಚಿನ ಮನೆ ಮೊದಲಾಗುವ ಎಡೆಯಲ್ಲಿ ನಿಂತ ಬಂಡಿಕಾರನಿಗೆ ಮುಂದೆ ಘಟ್ಟವಿದೆಯೆಂಬುದನ್ನು ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

5

ಈ ವ್ಯಾಪಾರದಲ್ಲಿ ವಖಾರಿಯ ಊರು ಎಷ್ಟು ಬಲವಾಗಿದ್ದಿತೆಂಬುದಕ್ಕೆ ಹತ್ತಿಯ ಹೆಸರೇ ಪ್ರಮಾಣ. ಧಾರವಾಡದ ಎರೆಯಲ್ಲಿ ಬೆಳೆದ ಜವಾರಿ ಹತ್ತಿಗೆ ಮುಂಬಯಿಯ ಮಾರುಕಟ್ಟೆಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಬಂದ ಹೆಸರು ಕುಮಟಾ ಹತ್ತಿ. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಅದು ತೆಂಗು, ಬತ್ತ, ಉಪ್ಪಿನ ಊರು. ಹತ್ತಿಯು ಅಲ್ಲಿಯ ವಖಾರಿಗಳಲ್ಲಿ ಕೆಲವು ದಿನ ನಿಂತು ಹಡಗು ಹತ್ತಿತು, ಅಷ್ಟೆ. ಅಷ್ಟರಿಂದಲೇ ಬೆಳೆದ ನೆಲದ ಹೆಸರು ಹೋಗಿ ಕೂಡಿಟ್ಟ ಊರಿನ ಹೆಸರು ನಿಂತಿತು. ಕೃಷಿಶಾಸ್ತ್ರದ ಗ್ರಂಥಗಳಲ್ಲಿಯೂ ಅದೇ ಹೆಸರು ಸೇರಿತು.

ಇದಕ್ಕೆ ಇನ್ನೊಂದು ಮುಖವುಂಟು. 1840ರ ದಶಕದ ಮೊದಲಿನಲ್ಲಿ ಸರಕಾರವು ಅಮೆರಿಕೆಯಿಂದ ಹತ್ತಿಯ ಬೇಸಾಯಗಾರರನ್ನು ಹಿಂದುಸ್ಥಾನಕ್ಕೆ ತರಿಸಿತು. ಅವರಲ್ಲಿ ಮರ್ಸರನೆಂಬವನು ಧಾರವಾಡ ಪ್ರಾಂತಕ್ಕೆ ಬಂದನು. ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲವನ್ನು ಮಾಡಿದರು. ನ್ಯೂ ಆರ್ಲಿಯನ್ಸ್ ಬೀಜವು ಈ ಎರೆಯಲ್ಲಿ ನೆಲೆಗೊಂಡಿತು. ಹಿಂದುಸ್ಥಾನದ ಬೇರೆ ಎಷ್ಟೋ ಕಡೆಗಳಲ್ಲಿ ಇಂಥ ಪ್ರಯೋಗಗಳು ಸೋತಿದ್ದುದರಿಂದ ಇಲ್ಲಿಯ ಯಶಸ್ಸು ಹೆಸರುವಾಸಿಯಾಯಿತು. ಅದರ ಕಾಳನ್ನು ತೆಗೆಯಲು ಗರಗಸದ ಜಿನ್ನುಗಳು ಬಂದುವು. ಈ ಹತ್ತಿಗೆ ವ್ಯಾಪಾರಿಗಳು ಕೊಟ್ಟ ಹೆಸರು ಧಾರವಾಡ–ಅಮೆರಿಕನ್. ನೋಡಿರಿ, ಕಡಲಾಚೆಯಿಂದ ಬಂದ ಬೀಜಕ್ಕೆ ಧಾರವಾಡದ ಹೆಸರು ದೊರೆಯಿತು. ಧಾರವಾಡದ ಸ್ವಂತ ಬೀಜವು ಕುಮಟಾದ ಹೆಸರಿನಲ್ಲಿ ಪರದೇಶಕ್ಕೆ ಹೋಯಿತು. ಸರಕಿಗೆ ಹೆಸರನ್ನಿಡುವವನು ಬೆಳೆಯುವವನಲ್ಲ, ಕೊಳ್ಳುವವನು ಎಂಬುದು ಇದರಿಂದ ಸಿದ್ಧವಾಗುತ್ತದೆ.

1861ರಿಂದ 1865ರವರೆಗೆ ಅಮೆರಿಕೆಯಲ್ಲಿ ನಡೆದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದುದೂ, ಹಿಂದುಸ್ಥಾನದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದುದೂ ಸರ್ವವಿದಿತ. ಈ ಕಾಲದ ಒಂದು ಪರಿಣಾಮವು ನಕಾಶೆಯ ಮೇಲೆಯೇ ಉಳಿದಿದೆ. ಅದುವರೆಗೆ ಮದ್ರಾಸು ಇಲಾಖೆಯಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿಸಿದರು. ಧಾರವಾಡದ ಹತ್ತಿಗೆ ಕಾರವಾರದಲ್ಲಿ ಒಳ್ಳೆಯ ಬಂದರವನ್ನೂ ಅದಕ್ಕೆ ಇಳಿಯುವ ಒಳ್ಳೆಯ ಘಟ್ಟದ ದಾರಿಯನ್ನೂ ಮಾಡಬೇಕಾಗಿದ್ದುದು ಇದಕ್ಕೆ ಮುಖ್ಯವಾದ ಕಾರಣ. ಬೆಳೆಯುವ ಜಿಲ್ಲೆ ಒಂದು ಇಲಾಖೆಯಲ್ಲಿ, ಬಂದರದ ಜಿಲ್ಲೆ ಮತ್ತೊಂದರಲ್ಲಿ ಇದ್ದರೆ ದಾರಿಯ ಖರ್ಚನ್ನು ಯಾರು ಕೊಡಬೇಕು? ಹತ್ತಿಯು ಈ ಪ್ರಶ್ನೆಯನ್ನು ಬಗೆಹರಿಸಿತು. ಅಂದು ಬೇರೆಯಾದ ಉತ್ತರ ಕನ್ನಡ, ದಕ್ಷಿಣ ಕನ್ನಡಗಳು 1956ರಲ್ಲಿ ಮತ್ತೆ ಒಂದೇ ರಾಜ್ಯಕ್ಕೆ ಬಂದುವು.

ಬೆಲೆಯೇರಿದಲ್ಲಿ ಮೋಸವೂ ಏರುತ್ತದೆ. ಅರಳೆಯಲ್ಲಿ ಕಾಳು, ಕಸ, ನೀರು ಸೇರಿಸುವುದನ್ನೂ ಒಂದು ಜಾತಿಯಲ್ಲಿ ಇನ್ನೊಂದನ್ನು ಬೆರಸುವುದನ್ನೂ ತಡೆಯಲು ಮುಂಬಯಿ ಸರಕಾರವು 1863ರಲ್ಲಿ ಕಾಯಿದೆಯನ್ನು ಮಾಡಿತು. ಕಾಯಿದೆಯು ಹುಟ್ಟಿದುದು ವಖಾರಿಯ ಬಾಗಿಲು ಮುಚ್ಚಿದ ಮೇಲೆ ಒಳಗೆ ನಡೆಯುತ್ತಿದ್ದ ವ್ಯವಹಾರಗಳಿಗಾಗಿ. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು, ಮುಂಬಯಿಯಲ್ಲಿ ಅನೇಕ ಮನೆತನಗಳು ದಿವಾಳಿಯೆದ್ದುವು. ಆದರೆ ಹತ್ತಿಯು ಕುಮಟಾದ ದಾರಿಯನ್ನು ಕೂಡಲೇ ಬಿಡಲಿಲ್ಲ. ಚಕ್ಕಡಿಗಳು ಇಳಿಯುವಾಗ ಹತ್ತಿಯನ್ನೂ ಹತ್ತುವಾಗ ಸಾಣಿಕಟ್ಟೆಯ ಉಪ್ಪು, ತೆಂಗು, ಅಡಕೆಗಳನ್ನೂ ಹೇರಿಕೊಳ್ಳುತ್ತಿದ್ದುದರಿಂದ ದಾರಿಯ ಊರುಗಳ ಅಂಗಡಿಗಳು ಎರಡು ಕಡೆಯ ವ್ಯಾಪಾರವನ್ನೂ ಕಂಡುವು.

6

ವಖಾರಿಯನ್ನು ಬರಿದುಮಾಡಿದುದು ಯುದ್ಧದ ಮುಕ್ತಾಯವಲ್ಲ, ಉಗಿಬಂಡಿ. 1876–78ರ ಮಹಾಕ್ಷಾಮವು ಈ ನಾಡನ್ನು ಹಣ್ಣುಮಾಡಿದ ಮೇಲೆ ರೈಲಿನ ವಿಚಾರವು ಬಲವಾಯಿತು. ಸದರ್ನ್ ಮರಾಠಾ ರೈಲ್ವೆ ಕಂಪನಿಯು 1882ರಲ್ಲಿ ಸ್ಥಾಪಿತವಾಯಿತು. ಆ ದಶಕದಲ್ಲಿಯೇ ಗದಗ, ಹುಬ್ಬಳ್ಳಿ, ಧಾರವಾಡಗಳಿಗೆ ಹಳಿಗಳು ಬಂದುವು. 1888ರಲ್ಲಿ ಕ್ಯಾಸಲ್‌ರಾಕಿನ ಮೇಲಿಂದ ಗೋವೆಯ ಮುರಗಾಂವ ಬಂದರಕ್ಕೆ ಘಟ್ಟದ ಮಾರ್ಗವು ತೆರೆಯಿತು.

ರೈಲು ಬಂದುದರಿಂದ ಸಾಗಣೆಯು ಅಗ್ಗವಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ನಿಜ, ಆದರೆ ಕಟ್ಟಡದ ದೃಷ್ಟಿಯಿಂದ ಮುಖ್ಯವಾದ ಮಾತು ಬೇರೆ. ರೈಲು ಮಳೆಯಲ್ಲಿಯೂ ಓಡುತ್ತದೆ. ಜೂನು ಬಂದಿತೆಂದು ಹಳಿಗಳು ಹೂತುಹೋಗುವುದಿಲ್ಲ. ನಾಲ್ಕು ತಿಂಗಳ ಕಾಯುವಿಕೆಯೇ ಇಲ್ಲವಾದ ಮೇಲೆ ಕಾಯುವಿಕೆಗೆಂದು ಕಟ್ಟಿದ ಮನೆಗೆ ಕೆಲಸವೇನು? ಹತ್ತಿಯ ಮನೆಗಳು ನಿಲ್ದಾಣಗಳ ಸುತ್ತ ಕೂಡಿದುವು. ಕಾಳು ತೆಗೆಯುವ ಯಂತ್ರವೂ ಅಂಡಿಗೆಯನ್ನು ಒತ್ತುವ ಯಂತ್ರವೂ ಒಂದೇ ಆವರಣದಲ್ಲಿ ನಿಂತು, ಬೆಳಿಗ್ಗೆ ಬಂದ ಹತ್ತಿ ಸಂಜೆಗೆ ಡಬ್ಬಿಯನ್ನು ಏರುವಂತಾಯಿತು. ಹುಬ್ಬಳ್ಳಿಯೂ ಗದಗವೂ ಬೆಳೆದುವು. ಕುಮಟಾದ ಹತ್ತಿಯ ವ್ಯಾಪಾರವು ಕುಗ್ಗಿತು. ಹಳಿಯಿಲ್ಲದ ಕಲಘಟಗಿಯ ದಾರಿಯಲ್ಲಿ ಅಡತಿಯ ಅಂಗಡಿಗಳು ಹತ್ತಿರದ ಹಳ್ಳಿಗಳ ಬತ್ತ ಮೆಣಸಿನಕಾಯಿಗಳ ಮೇಲೆ ಬದುಕಬೇಕಾಯಿತು. ಕುಮಟಾಕ್ಕೆ ರೈಲು ಬಂದುದು ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ತಿಯಾಗುವ ಹೊತ್ತಿಗೆ. ಅಷ್ಟರಲ್ಲಿ ಅಲ್ಲಿ ಏರಿಸಲು ಹತ್ತಿ ಉಳಿದಿರಲಿಲ್ಲ, ಹತ್ತಿಯ ಹೆಸರು ಮಾತ್ರ ಉಳಿದಿದ್ದಿತು.

ಮುಂದಿನ ಬದಲಾವಣೆಯನ್ನು ತಂದುದು ಕಾಯಿದೆ. ಹಳೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿ ಒಕ್ಕಲಿಗನಿಗೆ ಸಾಹುಕಾರನ ಗಾದಿಯ ಹೊರತಾದ ಇನ್ನೊಂದು ಬಾಗಿಲನ್ನು ತೋರಿಸಿದರು. ಮುಂಬಯಿ ಇಲಾಖೆಯಲ್ಲಿ 1927ರ ಹತ್ತಿ ಮಾರುಕಟ್ಟೆಗಳ ಕಾಯಿದೆ, 1939ರ ಕೃಷಿ ಉತ್ಪನ್ನ ಮಾರುಕಟ್ಟೆಗಳ ಕಾಯಿದೆ, ಏಕೀಕರಣದ ತರುವಾಯ ನಮ್ಮ ರಾಜ್ಯದ 1966ರ ಕಾಯಿದೆ, ಇವು ಮಾರಾಟವನ್ನು ಪೇಟೆಯ ಮನೆಗಳಿಂದ ಹೊರತೆಗೆದು ಸರಕಾರದ ಮಾರುಕಟ್ಟೆಯ ಪ್ರಾಂಗಣಕ್ಕೆ ಸಾಗಿಸಿದುವು. ಹುಬ್ಬಳ್ಳಿಯಲ್ಲಿ ಅಮರಗೋಳದ ಪ್ರಾಂಗಣವು ಇದಕ್ಕೆ ಸಾಕ್ಷಿ. ಸೆರಗಿನಡಿಯಲ್ಲಿ ಬೆರಳು ಹಿಡಿದು ನಡೆಸುತ್ತಿದ್ದ ಬೆಲೆಯು ಬಯಲಿನ ಸವಾಲಿಗೆ ಬಂದಿತೆಂಬುದು ಒಕ್ಕಲಿಗನ ಪಾಲಿಗೆ ನ್ಯಾಯವೇ. ವಖಾರಿಯ ಪಾಲಿಗೆ ಅದು ಎರಡನೆಯ ಮರಣ.

7

ಇಷ್ಟು ಪೂರ್ವಪೀಠಿಕೆಯ ಮೇಲೆ, ಊರಿನಲ್ಲಿ ಉಳಿದಿರುವ ಒಂದು ಹಳೆಯ ವ್ಯಾಪಾರದ ಮನೆಯ ಕಾಲವನ್ನು ನಿರ್ಣಯಿಸುವುದು ಹೇಗೆಂಬುದನ್ನು ವಿಚಾರಿಸಬಹುದು. ಇಲ್ಲಿ ಸಂಶೋಧಕರು ಸುಲಭವಾಗಿ ಬೀಳಬಹುದಾದ ಒಂದು ಗುಂಡಿಯನ್ನು ಮೊದಲು ತೋರಿಸುತ್ತೇವೆ. ಮಾಡಿನ ಮೇಲಿನ ಮಂಗಳೂರು ಹಂಚುಗಳ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರನ್ನೂ ಒಮ್ಮೊಮ್ಮೆ ವರ್ಷವನ್ನೂ ಒತ್ತಿರುತ್ತಾರೆ. 1865 ಎಂದೋ 1868 ಎಂದೋ ಕಂಡವರು ಇದೇ ಮನೆ ಕಟ್ಟಿದ ವರ್ಷವೆಂದು ಸಂತೋಷಪಡುತ್ತಾರೆ. ಅದು ಸರಿಯಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದುದು 1865ರಲ್ಲಿ. ಆಲ್ಬುಕರ್ಕ್ ಮನೆತನದ ಕಾರ್ಖಾನೆ 1868ರದು. ಒತ್ತಿದ ವರ್ಷವು ಕಾರ್ಖಾನೆ ಹುಟ್ಟಿದ ವರ್ಷ. ಅದೇ ಅಚ್ಚನ್ನು ಎಷ್ಟೋ ವರ್ಷಗಳ ವರೆಗೆ ಒತ್ತುತ್ತ ಬಂದರು. ಹಂಚು ಹೇಳುವುದಿಷ್ಟೇ: ಈ ಮಾಡು ಆ ವರ್ಷಕ್ಕಿಂತ ಹಳೆಯದಲ್ಲ. ಹಾಗೆಯೇ ಕಾಮನ್‌ವೆಲ್ತ್ ಟ್ರಸ್ಟಿನ ಹೆಸರುಳ್ಳ ಹಂಚು ಮೊದಲನೆಯ ಮಹಾಯುದ್ಧದ ತರುವಾಯದ್ದು. ಬಾಸೆಲ್ ಮಿಶನ್ನಿನ ಕಾರ್ಖಾನೆಗಳು ಆ ಟ್ರಸ್ಟಿಗೆ ಹೋದುದು ಆಮೇಲೆ. ಮೇಲಾಗಿ ಮಾಡಿನ ವಯಸ್ಸೇ ಗೋಡೆಯ ವಯಸ್ಸಲ್ಲ. ಮಣ್ಣಿನ ಮಾಳಿಗೆಯನ್ನು ತೆಗೆದು ಹಂಚು ಹೊದಿಸಿದ ಮನೆಗಳೂ ಉಂಟು.

ಎರಡನೆಯ ಆಧಾರವು ಮನೆಯ ಮುಖ. ಹಳೆಯ ಚಕ್ಕಡಿದಾರಿಗೆ ಮುಖಮಾಡಿದ ಮನೆ ಒಂದು ಕಾಲದ್ದು, ನಿಲ್ದಾಣದ ದಾರಿಗೆ ಮುಖಮಾಡಿದುದು ಇನ್ನೊಂದು ಕಾಲದ್ದು. ಮೂರನೆಯದು ತೂಕದ ಮಾತು. ಮುಂಬಯಿಯ ಹತ್ತಿಯ ಖಂಡಿಯು 784 ಪೌಂಡಿನದು. ದೇಶದ ಹತ್ತಿಯ ವ್ಯಾಪಾರದಲ್ಲಿ ಇಂದಿಗೂ 356 ಕಿಲೋಗ್ರಾಮಿನ ಲೆಕ್ಕದಲ್ಲಿ ಅದೇ ಖಂಡಿಯು ನಡೆಯುತ್ತದೆ. ಸ್ಥಳೀಯ ತೂಕವನ್ನು ಬಿಟ್ಟು ಖಂಡಿಯಲ್ಲಿ ಬರೆದ ಲೆಕ್ಕವು ಸಿಕ್ಕಿದರೆ ಆ ಮನೆಯು ಊರಿನ ಸಂತೆಗಿಂತ ಮುಂಬಯಿಯ ಬೆಲೆಯ ಕಡೆಗೆ ಕಣ್ಣಿಟ್ಟಿದ್ದಿತೆಂದು ಊಹಿಸಬಹುದು. ನಾಲ್ಕನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ಪುಸ್ತಕಗಳು. ಕಿರ್ದಿ, ಖತಾವಣಿಗಳನ್ನು ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಹೊಸದಾಗಿ ತೆರೆಯುವುದು ಈ ನಾಡಿನ ವರ್ತಕರ ಪದ್ಧತಿ. ಹೊಸದನ್ನು ತೆರೆದ ಮೇಲೆ ಹಳೆಯದು ಅಟ್ಟಕ್ಕೆ ಹೋಗುತ್ತದೆ. ಅಟ್ಟದಿಂದ ಅದು ಇಳಿಯುವುದು ಮನೆಯನ್ನು ಕೆಡವುವ ದಿನ; ಇಳಿದು ಹೋಗುವುದು ರದ್ದಿಯ ತಕ್ಕಡಿಗೆ. ಅದರಲ್ಲಿ ಮೋಡಿಯ ಬರೆಹವಿದ್ದರೆ ಓದಲು ಬಾರದೆಂಬ ಕಾರಣದಿಂದಲೇ ಅದು ಇನ್ನೂ ಬೇಗ ಹೋಗುತ್ತದೆ.

ಪ್ರತಿಯೊಂದು ಹಳೆಯ ಮನೆಯನ್ನೂ ಉಳಿಸಬೇಕೆಂಬುದು ನಮ್ಮ ವಾದವಲ್ಲ. ಅದರಲ್ಲಿ ವಾಸಿಸುವವರಿಗೆ ಗಾಳಿ ಬೆಳಕು ಬೇಕು. ದಾಯಾದಿಗಳಿಗೆ ಪಾಲು ಬೇಕು. ಕಟ್ಟಡವು ಹೋಗುವುದಾದರೆ ಹೋಗಲಿ. ಪುಸ್ತಕವು ಹೋಗಬಾರದು. ಹುಬ್ಬಳ್ಳಿಯ ಕೋಠಿಯ ಗೋಡೆಗಳು ಇಂದು ನಮಗೆ ಬೇಕಾಗಿಲ್ಲ, ಏಕೆಂದರೆ ಅದರ ಲೆಕ್ಕವು ಉಳಿದಿದೆ. ಅದರ ನೆರೆಯ ಕನ್ನಡಿಗರ ಮಳಿಗೆಗಳ ಲೆಕ್ಕವು ಉಳಿದಿದ್ದರೆ 1673ರ ಹುಬ್ಬಳ್ಳಿಯು ನಮಗೆ ಸಂಪೂರ್ಣವಾಗಿ ಕಾಣುತ್ತಿದ್ದಿತು. ಹತ್ತಿಯ ಕಾಲದ ವಿಷಯದಲ್ಲಿಯೂ ಅದೇ ಆಗುವ ಸಂಭವವುಂಟು. ಕಲೆಕ್ಟರರ ವರದಿಗಳೂ ಕಂಪನಿಗಳ ಪತ್ರಗಳೂ ಅಚ್ಚಾಗಿ ಭದ್ರವಾಗಿವೆ. ಅವುಗಳಲ್ಲಿ ಒಕ್ಕಲಿಗನು ಬೀಜ ಬಿತ್ತುವವನು, ದಲಾಲನು ಮೋಸಮಾಡುವವನು. ಒಕ್ಕಲಿಗನು ಯಾವ ವರ್ಷ ಎಷ್ಟು ಸಾಲ ತಂದನು, ಯಾವ ಬಡ್ಡಿಗೆ ತಂದನು, ಯುದ್ಧದ ಕಾಲದ ಬೆಲೆಯಲ್ಲಿ ಅವನ ಕೈಗೆ ಎಷ್ಟು ಬಂದಿತು, ಕ್ಷಾಮದಲ್ಲಿ ಯಾವ ಹೊಲವು ಯಾರ ಹೆಸರಿಗೆ ತಿರುಗಿತು ಎಂಬುದನ್ನು ಹೇಳಬಲ್ಲವು ಆ ಖತಾವಣಿಗಳೇ.

ನಮ್ಮ ವಾಚಕರಲ್ಲಿ ಅನೇಕರು ತಾಲೂಕಿನ ಊರುಗಳಲ್ಲಿ ಭಾಷೆಯನ್ನು ಕಲಿಸುವ ಉಪಾಧ್ಯಾಯರು. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಪೇಟೆಯಲ್ಲಿ ದಿನವೂ ನಡೆದಾಡುವವರು ಅವರೇ. ಯಾವ ಮನೆಯ ಮುಂದೆ ಹಳೆಯ ತೊಲೆಗಳನ್ನು ರಾಶಿಹಾಕಿದ್ದಾರೆಂಬುದು ಅವರ ಕಣ್ಣಿಗೆ ಮೊದಲು ಬೀಳುತ್ತದೆ. ಅಂಥ ದಿನ ಮನೆಯ ಯಜಮಾನರನ್ನು ವಿನಯದಿಂದ ಕಂಡು, ಅಟ್ಟದ ಮೇಲಿನ ಪುಸ್ತಕಗಳನ್ನು ಕೇಳಿ ಪಡೆದು, ಸಾಲಗಾರರ ಮನೆತನಗಳಿಗೆ ನೋವಾಗದಂತೆ ಅವುಗಳನ್ನು ಯಾವುದಾದರೊಂದು ವಿದ್ಯಾಸಂಸ್ಥೆಯ ಭಂಡಾರಕ್ಕೆ ಒಪ್ಪಿಸಿದರೆ, ಗುಡಿಯ ಶಾಸನವನ್ನು ಹೊರತಂದಷ್ಟೇ ಉಪಕಾರವನ್ನು ನಾಡಿಗೆ ಮಾಡಿದಂತಾಗುತ್ತದೆ. ಮನೆಯ ಮುಖ ಯಾವ ದಾರಿಗೆ ಇದ್ದಿತು, ಹಂಚಿನ ಮೇಲೆ ಏನನ್ನು ಒತ್ತಿದ್ದಿತು, ಹಮಾಲರೂ ಗುಮಾಸ್ತರೂ ಯಾವ ಯಾವ ಶಬ್ದಗಳನ್ನು ಆಡುತ್ತಿದ್ದರು ಎಂಬುದನ್ನು ಅರ್ಧ ಹಾಳೆಯಲ್ಲಿ ಬರೆದಿಟ್ಟರೂ ಸಾಕು. ಈ ಕಾರ್ಯಕ್ಕೆ ಒಬ್ಬಿಬ್ಬರಾದರೂ ಮುಂದೆ ಬಂದಾರೆಂದು ಆಶಿಸಿ ಪ್ರಸ್ತುತ ಲೇಖವನ್ನು ಇಲ್ಲಿಗೆ ಮುಗಿಸುತ್ತೇವೆ.